ಎತ್ತರದ ಪಿಕಪ್, ಏರಲಾಗದ ಮೊಣಕಾಲು: ವಾಹನ ತಗ್ಗಿಸುವ ಮುನ್ನ ತಿಳಿದಿರಬೇಕಾದದ್ದು

ತೋಟ, ಎಸ್ಟೇಟು, ಕಾಡುದಾರಿ ಎಂದು ಕೊಂಡ ನಾಲ್ಕು ಚಕ್ರ ಚಾಲನೆಯ ಪಿಕಪ್, ಕೆಲ ವರ್ಷಗಳಲ್ಲಿ ಮನೆಮಂದಿಯ ವಾಹನವೂ ಆಗಿಬಿಡುತ್ತದೆ. ಅಲ್ಲಿಂದಲೇ ತೊಂದರೆಯ ಆರಂಭ. 2016ರಲ್ಲಿ ಭಾರತಕ್ಕೆ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ನಂತಹ ವಾಹನದ ಒಳನೆಲ ರಸ್ತೆಯಿಂದ ಅರ್ಧ ಮೀಟರಿಗಿಂತ ಮೇಲಿರುತ್ತದೆ. ಮನೆಯ ಮೆಟ್ಟಿಲಿನ ಎತ್ತರವಾದರೋ ಸಾಮಾನ್ಯವಾಗಿ 15ರಿಂದ 18 ಸೆಂ.ಮೀ. ಮಾತ್ರ. ಮೊಣಕಾಲು ಸವೆದ ತಾಯಿಗೆ ಅದು ಒಂದೇ ಹೆಜ್ಜೆಯಲ್ಲಿ ಮೂರು ಮೆಟ್ಟಿಲು ಹತ್ತಿದಂತೆ. ಇಳಿಯುವುದು ಇನ್ನೂ ಕಷ್ಟ. ಕಾಲಿಗೆ ನೆಲ ಸಿಗುವ ಮೊದಲೇ ದೇಹದ ಭಾರ ಹೊರಗೆ ವಾಲಿರುತ್ತದೆ.

‘ಗಾಡಿಯನ್ನೇ ಸ್ವಲ್ಪ ತಗ್ಗಿಸಿಬಿಡೋಣ’ ಎಂಬ ಯೋಚನೆ ಸಹಜ. ಸಾಧ್ಯವೂ ಹೌದು. ಆದರೆ ಸಾಮಾನ್ಯ ಕಾರಿನಷ್ಟು ಸುಲಭವಲ್ಲ.

ಹಿಂಭಾಗ ಸುಲಭ, ಮುಂಭಾಗ ಜಟಿಲ

ಬಹುತೇಕ ಪಿಕಪ್‌ಗಳ ಹಿಂಭಾಗದಲ್ಲಿರುವುದು ಲೀಫ್ ಸ್ಪ್ರಿಂಗ್. ನಾಲ್ಕು ಚಕ್ರ ಚಾಲನೆಯ ಮಾದರಿಗಳಲ್ಲಿ ಅದು ಹೆಚ್ಚಾಗಿ ಆ್ಯಕ್ಸಲ್‌ನ ಮೇಲೆ ಕುಳಿತಿರುತ್ತದೆ. ಅದನ್ನು ಆ್ಯಕ್ಸಲ್‌ನ ಕೆಳಗೆ ವರ್ಗಾಯಿಸಿದರೆ ವಾಹನ ಒಮ್ಮೆಗೇ 12ರಿಂದ 15 ಸೆಂ.ಮೀ. ತಗ್ಗುತ್ತದೆ. ಅಷ್ಟು ತಗ್ಗಿದಾಗ ಆ್ಯಕ್ಸಲ್ ಚಾಸಿಗೆ ಬಡಿಯುವ ಅಪಾಯವಿದೆ. ಬಂಪ್ ಸ್ಟಾಪ್, ಶಾಕ್ ಅಬ್ಸಾರ್ಬರ್ ಬದಲಾಗಬೇಕು; ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಪರೀಕ್ಷಿಸಬೇಕು. ಸ್ಪ್ರಿಂಗ್‌ನ ಒಂದೆರಡು ಪಟ್ಟಿ ತೆಗೆದುಹಾಕುವುದು ಅಗ್ಗದ ದಾರಿಯೆನಿಸಿದರೂ, ಹೊರೆ ಹೊರುವ ಶಕ್ತಿಯೇ ಕುಂದುತ್ತದೆ.

ನಿಜವಾದ ತೊಡಕಿರುವುದು ಮುಂಭಾಗದಲ್ಲಿ. ಎರಡು ಚಕ್ರ ಚಾಲನೆಯ ಪಿಕಪ್‌ನ ಮುಂಚಕ್ರಗಳಿಗೆ ಶಕ್ತಿ ಹರಿಯಬೇಕಿಲ್ಲ. ಇಲ್ಲಿ ಹಾಗಲ್ಲ, ಡಿಫರೆನ್ಶಿಯಲ್‌ನಿಂದ ಎರಡೂ ಚಕ್ರಗಳಿಗೆ ಶಾಫ್ಟ್‌ಗಳಿವೆ, ಅವುಗಳ ತುದಿಯಲ್ಲಿ ಸಿ.ವಿ. ಜಾಯಿಂಟ್‌ಗಳಿವೆ. ದೇಹ ಕೆಳಗಿಳಿದಂತೆ ಈ ಜಾಯಿಂಟ್‌ಗಳ ಕೋನ ಬದಲಾಗುತ್ತದೆ. ಮಿತಿ ಮೀರಿದರೆ ರಬ್ಬರ್ ಬೂಟು ಹರಿದು, ಗ್ರೀಸ್ ಸೋರಿ, ಜಾಯಿಂಟ್ ಸವೆಯುತ್ತದೆ. ಹಳೆಯ ಹೈಲಕ್ಸ್‌ನಂತೆ ಟಾರ್ಷನ್ ಬಾರ್ ಇರುವ ವಾಹನಗಳಲ್ಲಿ ಬೋಲ್ಟ್ ಸಡಿಲಿಸಿಯೇ ಕೆಲವು ಸೆಂ.ಮೀ. ಇಳಿಸಬಹುದು. ಕಾಯಿಲ್ ಸ್ಪ್ರಿಂಗ್ ಇದ್ದಲ್ಲಿ ಗಿಡ್ಡನೆಯ ಸ್ಪ್ರಿಂಗನ್ನೇ ಹಾಕಬೇಕು. ಇರುವ ಸ್ಪ್ರಿಂಗನ್ನು ಕತ್ತರಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ತನ್ನ ಸ್ಥಾನದಿಂದ ಕದಲಬಹುದು. ಯಾವುದೇ ವಿಧಾನವಾಗಲಿ, ಬಳಿಕ ವ್ಹೀಲ್ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್ ಹೊಂದಾಣಿಕೆ ಕಡ್ಡಾಯ.

ಟೈರು ಚಿಕ್ಕದು ಮಾಡಿದರೆ? ವ್ಯಾಸ 5 ಸೆಂ.ಮೀ. ಕಡಿಮೆಯಾದರೆ ವಾಹನ ಇಳಿಯುವುದು ಎರಡೂವರೆ ಸೆಂ.ಮೀ. ಮಾತ್ರ. ಸ್ಪೀಡೋಮೀಟರ್ ವಾಸ್ತವಕ್ಕಿಂತ ಹೆಚ್ಚಿನ ವೇಗ ತೋರಿಸತೊಡಗುತ್ತದೆ. ಹಿಂದೆ ಮುಂದೆ ಬೇರೆ ಬೇರೆ ಅಳತೆಯ ಟೈರು ಹಾಕಿ ನಾಲ್ಕು ಚಕ್ರ ಚಾಲನೆ ತೊಡಗಿಸಿದರಂತೂ ಗೇರ್‌ಗಳ ನಡುವೆ ಜಗ್ಗಾಟ ಉಂಟಾಗಿ ಟ್ರಾನ್ಸ್‌ಫರ್ ಕೇಸ್‌ಗೇ ಪೆಟ್ಟು.

ಕಾನೂನು ಏನೆನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗುವಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ವಿಧಿಸಬಹುದು. ಅಂಗವಿಕಲರ ಬಳಕೆಗೆಂದೇ ಮಾರ್ಪಡಿಸಿದ ವಾಹನಕ್ಕೆ ಕಾಯ್ದೆಯಲ್ಲಿ ಪ್ರತ್ಯೇಕ ಅವಕಾಶವಿದೆ. ಆದರೆ ವಯೋಸಹಜ ಮೊಣಕಾಲು ನೋವು ತಾನಾಗಿಯೇ ಆ ವ್ಯಾಪ್ತಿಗೆ ಬಂದೀತೆಂದು ಭಾವಿಸಕೂಡದು. ಗ್ಯಾರೇಜಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಗೆ ಹೋಗಿ ಬರುವುದು ಲೇಸು. ಅಪಘಾತವಾದಾಗ ವಿಮಾ ಕಂಪನಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು.

ಮೊದಲು ಮೆಟ್ಟಿಲು

ಅಮೆರಿಕದಲ್ಲಿ ರ‍್ಯಾಮ್ 1500 ಪಿಕಪ್‌ಗೆ 2013ರ ಮಾದರಿಯಲ್ಲಿ ನಾಲ್ಕೂ ಚಕ್ರಗಳಿಗೆ ಗಾಳಿಯ ಸಸ್ಪೆನ್ಷನ್ ಬಂತು. ನಿಂತಾಗ ಗುಂಡಿ ಒತ್ತಿದರೆ ಸುಮಾರು 5 ಸೆಂ.ಮೀ. ತಗ್ಗಿ ಜನರನ್ನು ಹತ್ತಿಸಿಕೊಳ್ಳುತ್ತದೆ, ಹೊರಟಾಗ ಮತ್ತೆ ಏರುತ್ತದೆ. ಗಮನಿಸಿ, ಅಷ್ಟೆಲ್ಲ ಯಂತ್ರ ಸಾಮಗ್ರಿಯ ಫಲ ಐದೇ ಸೆಂ.ಮೀ.! ಬಾಗಿಲ ಕೆಳಗೆ ಗಟ್ಟಿಯಾಗಿ ಕೂರಿಸಿದ ಅಗಲದ ಫುಟ್‌ಬೋರ್ಡ್ ಅದಕ್ಕಿಂತ ಹೆಚ್ಚು ಉಪಕಾರಿ, ಏಕೆಂದರೆ ಅದು ಏರುವ ಎತ್ತರವನ್ನೇ ಎರಡಾಗಿ ಒಡೆಯುತ್ತದೆ. ಆದರೆ ಕೊಳವೆಯಾಕಾರದ ಅಲಂಕಾರದ ಪೈಪು ಬೇಡ. ಮಳೆಗಾಲದಲ್ಲಿ ಕೆಸರುಗಾಲಿಗೆ ಅದು ಜಾರುಬಂಡೆ. ಪಾದ ಪೂರ್ತಿ ಊರುವಷ್ಟು ಅಗಲ, ತರಿಯಾದ ಮೇಲ್ಮೈ ಇರಬೇಕು. ಬಾಗಿಲ ಕಂಬದ ಹಿಡಿಕೆ ಎರಡನೆಯ ಆಧಾರ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಮೊಣಕಾಲು ಮಡಚುವ ಪ್ರಮಾಣವೂ ಕಡಿಮೆಯಾಗುತ್ತದೆ. ಹತ್ತುವಾಗ ಮೊದಲು ಹಿಂದು ಮುಂದಾಗಿ ಸೀಟಿನ ಅಂಚಿಗೆ ಕುಳಿತು ಆಮೇಲೆ ಎರಡೂ ಕಾಲು ಒಳಗೆ ತಿರುಗಿಸುವುದು ಕಾರಿನಲ್ಲಿ ಸುಲಭ. ಪಿಕಪ್‌ನಲ್ಲಿ ಅದು ಕೈಗೂಡಬೇಕಾದರೆ ಫುಟ್‌ಬೋರ್ಡ್ ಇರಲೇಬೇಕು.

ಇಷ್ಟಾಗಿಯೂ ಸಾಲದಿದ್ದರೆ ಮಾತ್ರ, ತಜ್ಞರ ಸಲಹೆ ಮತ್ತು ಆರ್‌ಟಿಒ ಅನುಮತಿಯೊಂದಿಗೆ ಮೂರ್ನಾಲ್ಕು ಸೆಂ.ಮೀ. ತಗ್ಗಿಸುವ ಮಾತು. ಅದಕ್ಕಿಂತ ಹೆಚ್ಚು ಬೇಕೆನ್ನುವ ಮನೆಗೆ ಬೇಕಾಗಿರುವುದು ಬಹುಶಃ ಬೇರೆಯದೇ ವಾಹನ. ವಿ-ಕ್ರಾಸ್‌ನ 225 ಮಿ.ಮೀ. ನೆಲದಂತರವನ್ನು ಹಣ ಕೊಟ್ಟು ಕೊಂಡು, ಮತ್ತೆ ಹಣ ಕೊಟ್ಟು ಕಳೆದುಕೊಂಡರೆ ತೋಟದ ದಾರಿಯ ಕಲ್ಲು ಸುಮ್ಮನೆ ಬಿಡುವುದಿಲ್ಲ.