ಅನ್ಯೂರಿಸಂ ನಂತರದ ಪಿಟ್ಯುಟರಿ ಕೊರತೆ: ಲೆಕ್ಕದ ತೊಡಕು

ಮಿದುಳಿನ ರಕ್ತನಾಳದ ಗೋಡೆ ಸಡಿಲಗೊಂಡು ಗುಳ್ಳೆಯಂತೆ ಉಬ್ಬಿಕೊಳ್ಳುವುದೇ ಅನ್ಯೂರಿಸಂ. ಅದರಿಂದ ಪಿಟ್ಯುಟರಿ ಗ್ರಂಥಿಗೆ ಪೆಟ್ಟು ಬೀಳುವುದು ಎರಡು ಬಗೆಯಲ್ಲಿ. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ ಗೊಂದಲವೇ ಗತಿ.

ಅರ್ಧ ಗ್ರಾಂನಷ್ಟು ತೂಗುವ ಈ ಗ್ರಂಥಿ ತಲೆಬುರುಡೆಯ ತಳದ ಮೂಳೆಗುಳಿಯಲ್ಲಿ ಕೂತಿದೆ. ಇಬ್ಬದಿಗೂ ಕೆರೋಟಿಡ್ ಧಮನಿಗಳು. ಧಮನಿಯ ಉಬ್ಬು ಒಡೆಯದೆಯೇ ಗುಳಿಯೊಳಕ್ಕೆ ಬೆಳೆದರೆ ಗ್ರಂಥಿ ಅಪ್ಪಚ್ಚಿಯಾಗುತ್ತದೆ. ಇದು ತೀರ ವಿರಳ: ಅಮೆರಿಕದ ಮೇಯೊ ಕ್ಲಿನಿಕ್ 2001ರಲ್ಲಿ ಪ್ರಕಟಿಸಿದಂತೆ, ಪಿಟ್ಯುಟರಿ ಕೊರತೆಯ 4,087 ರೋಗಿಗಳಲ್ಲಿ 7 ಮಂದಿಗಷ್ಟೇ ಇದು ಕಾರಣ. ಆದರೆ ಸ್ಕ್ಯಾನಿನಲ್ಲಿ ಇದು ಪಿಟ್ಯುಟರಿ ಗಡ್ಡೆಯಂತೆಯೇ ಕಾಣಬಹುದು. ಗ್ರಂಥಿಯ ಕಾಂಡ ಒತ್ತಿ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿದ್ದರಂತೂ ದಾರಿ ತಪ್ಪುವುದು ಸುಲಭ. ಗಡ್ಡೆಯೆಂದೇ ನಂಬಿ ಮೂಗಿನ ಮೂಲಕ ಶಸ್ತ್ರಕ್ರಿಯೆಗೆ ಇಳಿದರೆ, ಕತ್ತರಿ ತಾಗುವುದು ಮಿಡಿಯುವ ಧಮನಿಗೆ. ಅನುಮಾನವಿದ್ದಲ್ಲಿ ಆಂಜಿಯೋಗ್ರಾಂ ಮೊದಲು ಆಗಲೇಬೇಕು.

ಒಡೆದ ಉಬ್ಬಿನ ಕತೆ ಬೇರೆ. ಮಿದುಳಿನ ಹೊದಿಕೆಯಡಿ ಹರಡಿದ ನೆತ್ತರು, ಆಮೇಲಿನ ರಕ್ತನಾಳ ಸೆಳೆತ, ನೀರು ತುಂಬುವಿಕೆ ಇವೆಲ್ಲ ಗ್ರಂಥಿಯನ್ನು ಮೇಲಿನಿಂದ ನಿಯಂತ್ರಿಸುವ ಹೈಪೊಥಲಾಮಸನ್ನು ಘಾಸಿಗೊಳಿಸುತ್ತವೆ. 1963ರಲ್ಲಿ ಕ್ರಾಂಪ್ಟನ್ ಎಂಬ ಸಂಶೋಧಕ ಇಂಥ 106 ಶವಪರೀಕ್ಷೆಗಳಲ್ಲಿ ಶೇ. 61ರಷ್ಟರಲ್ಲಿ ಹೈಪೊಥಲಾಮಸ್‌ನ ಗಾಯ ಕಂಡ. ಅವರು ಸತ್ತವರು, ಎಂದರೆ ಅತಿ ತೀವ್ರವಾಗಿ ಬಳಲಿದವರು. ಬದುಕುಳಿದವರ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಬಂದ ಸಮೀಕ್ಷೆ ಶೇ. 47 ಮಂದಿಗೆ ಪಿಟ್ಯುಟರಿ ಕೊರತೆ ಎಂದಿತು, 2010ರ ಡೆನ್ಮಾರ್ಕ್ ಅಧ್ಯಯನವೊಂದು ಈ ಕೊರತೆ ಅಪರೂಪವೆಂದೇ ತೀರ್ಮಾನಿಸಿತು.

ಇಷ್ಟು ಅಂತರವೇಕೆ? ಮೊದಲ ವಾರಗಳಲ್ಲಿ ಹಾರ್ಮೋನು ಏರುಪೇರಾಗುವುದು ಕಾಯಿಲೆಯ ಬಳಲಿಕೆಗೂ ಸಹಜ. ತಿಂಗಳುಗಳ ಬಳಿಕ ಅನೇಕರಲ್ಲಿ ಸರಿಹೋಗುತ್ತದೆ. ದಪ್ಪ ಮೈಯವರಲ್ಲಿ ಬೆಳವಣಿಗೆ ಹಾರ್ಮೋನಿನ ಪ್ರಚೋದನಾ ಪರೀಕ್ಷೆ ಆರೋಗ್ಯವಂತರನ್ನೂ ಕೊರತೆಯವರೆಂದು ತೋರಿಸಬಲ್ಲದು. ಒಂದೇ ಪರೀಕ್ಷೆಗೆ ನೆಚ್ಚಿದವರ ಶೇಕಡಾವಾರು ಏರಿದ್ದು, ಎರಡನೆಯದರಿಂದ ಖಚಿತಪಡಿಸಿಕೊಂಡವರದು ಇಳಿದದ್ದು ಆಕಸ್ಮಿಕವಲ್ಲ. ನನ್ನ ಎಣಿಕೆಯಲ್ಲಿ 47 ಎಂಬ ಅಂಕಿಯೂ ತುಸು ಉಬ್ಬಿದ್ದೇ.

ಹಾಗೆಂದು ಸುಸ್ತನ್ನೆಲ್ಲ ‘ತಲೆಗೆ ಆಪರೇಷನ್ ಆಗಿದೆಯಲ್ಲ’ ಎಂದು ತಳ್ಳಿಹಾಕಲಾಗದು. ನಮ್ಮಲ್ಲಿ ಥೈರಾಯಿಡ್ ಪರೀಕ್ಷೆಯೆಂದರೆ ಹೆಚ್ಚಾಗಿ ಟಿಎಸ್‌ಎಚ್ ಒಂದೇ. ಪಿಟ್ಯುಟರಿಯೇ ಸೋತಾಗ ಅದು ಸಹಜವಾಗಿಯೇ ಕಾಣಬಹುದು. ಫ್ರೀ ಟಿ4 ನೋಡದೆ ಕೊರತೆ ಹೊರಬೀಳುವುದಿಲ್ಲ. ಬೆಳಗಿನ ಎಂಟರ ಹೊತ್ತಿನ ಕಾರ್ಟಿಸಾಲನ್ನೂ ಜೊತೆಗೇ ನೋಡಬೇಕು. ಎರಡೂ ಕಡಿಮೆಯಿದ್ದರೆ ಹೈಡ್ರೋಕಾರ್ಟಿಸೋನ್ ಮೊದಲು, ಥೈರಾಕ್ಸಿನ್ ಆಮೇಲೆ: ಈ ಕ್ರಮ ತಲೆಕೆಳಗಾದರೆ ರೋಗಿಯ ಪ್ರಾಣಕ್ಕೇ ಕುತ್ತು.