ಒನಕೆ, ಹಗ್ಗ ಮತ್ತು ರಟ್ಟೆ: ದುರ್ಗ ಸೀಮೆಯ ದುಡಿಮೆಯಲ್ಲಿ ಸ್ನಾಯುವಿನ ಕಥನ

ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಓಬವ್ವ ಒನಕೆಯಿಂದ ಬಡಿದು ಕೆಡವಿದಳೆಂಬ ಐತಿಹ್ಯ 18ನೆಯ ಶತಮಾನದ ಮುತ್ತಿಗೆಗಳಿಗೆ ಸೇರಿದುದು. 1779ರಲ್ಲಿ ಕೋಟೆ ಹೈದರನ ವಶವಾಯಿತು. ಓಬವ್ವ ಜನರ ಬಾಯಲ್ಲಿ ಉಳಿದಳು. 1972ರ ‘ನಾಗರಹಾವು’ ಚಲನಚಿತ್ರ ಅವಳನ್ನು ನಾಡಿನಾದ್ಯಂತ ಪರಿಚಯಿಸಿತು. ಈ ಎಲ್ಲ ನಿರೂಪಣೆಗಳು ಅವಳ ಧೈರ್ಯ ಮತ್ತು ಸ್ವಾಮಿನಿಷ್ಠೆಯನ್ನು ಕೊಂಡಾಡುತ್ತವೆಯೇ ಹೊರತು ಅವಳ ರಟ್ಟೆಯನ್ನು ಕುರಿತು ಮಾತನಾಡುವುದಿಲ್ಲ. ಐತಿಹ್ಯವಾದರೋ ಸುಳಿವನ್ನು ಬಿಟ್ಟುಕೊಟ್ಟಿದೆ: ಅವಳು ಹೋದದ್ದು ನೀರಿಗೆ, ಕೈಗೆತ್ತಿಕೊಂಡದ್ದು ಒನಕೆ. ಎರಡೂ ನಿತ್ಯದ ದುಡಿಮೆಗೆ ಸಂಬಂಧಿಸಿದವು. ಆ ದೇಹವನ್ನು ಸಿದ್ಧಪಡಿಸಿದ್ದು ಗರಡಿಯಲ್ಲ, ಒರಳು ಮತ್ತು ಬಾವಿ.

ಜನಪದರು ಕಾಲಿನ ಹಿಂಬದಿಯ ಸ್ನಾಯುವನ್ನು ಮೀನಖಂಡ ಎಂದರು. ಲ್ಯಾಟಿನರು ಸ್ನಾಯುವಿನಲ್ಲಿ ಪುಟ್ಟ ಇಲಿಯನ್ನು ಕಂಡು ಹೆಸರಿಟ್ಟರು. ಚರ್ಮದಡಿ ಏನೋ ಜೀವಂತವಾಗಿ ಜಾರಾಡುತ್ತಿದೆ ಎಂಬ ಅನುಭವ ಎರಡು ನುಡಿಗಳಲ್ಲಿಯೂ ಇರುವುದು ಕುತೂಹಲಕರ. ಜಾರುವುದೇ ನಿಜವೆಂದು ವಿಜ್ಞಾನ ಕಂಡುಕೊಂಡದ್ದು ಬಹಳ ತಡವಾಗಿ. 1864ರಲ್ಲಿ ಕ್ಯೂನೆ ಸ್ನಾಯುವಿನಿಂದ ತೆಗೆದ ಪ್ರೋಟೀನನ್ನು ಮಯೋಸಿನ್ ಎಂದು ಕರೆದನು. ಹಂಗೇರಿಯಲ್ಲಿ ಸೆಂಟ್‌ ಜ್ಯೋರ್ಜಿಯವರ ಪ್ರಯೋಗಾಲಯದಲ್ಲಿ ಸ್ಟ್ರಾಬ್ ಆಕ್ಟಿನ್ನನ್ನು ಬೇರ್ಪಡಿಸಿದ್ದು 1940ರ ದಶಕದ ಆರಂಭದಲ್ಲಿ. 1954ರಲ್ಲಿ ಹಕ್ಸ್ಲಿ ಎಂಬ ಒಂದೇ ಕುಲನಾಮದ ಇಬ್ಬರು, ಒಬ್ಬರು ನೀಡೆರ್ಗೆರ್ಕೆಯವರೊಡನೆ, ಮತ್ತೊಬ್ಬರು ಜೀನ್ ಹ್ಯಾನ್ಸನ್‌ರೊಡನೆ, ಪ್ರತ್ಯೇಕವಾಗಿ ಒಂದೇ ತೀರ್ಮಾನಕ್ಕೆ ಬಂದರು: ಸ್ನಾಯು ಕುಗ್ಗುವಾಗ ಅದರೊಳಗಿನ ಎಳೆಗಳು ಕುಗ್ಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ.

ಇದನ್ನು ಅರಿಯಲು ಸೇದುವ ಬಾವಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕೊಡ ಮೇಲೆ ಬರುವಾಗ ಹಗ್ಗ ಗಿಡ್ಡವಾಗುವುದಿಲ್ಲ. ಕೈ ಹಿಡಿಯುತ್ತದೆ, ಎಳೆಯುತ್ತದೆ, ಬಿಡುತ್ತದೆ, ಮುಂದೆ ಚಾಚಿ ಮತ್ತೆ ಹಿಡಿಯುತ್ತದೆ. ಆಕ್ಟಿನ್ ಎಳೆ ಹಗ್ಗ. ಮಯೋಸಿನ್ನಿನ ತಲೆಗಳು ಕೈಗಳು. ಒಂದು ಎಳೆತದ ದೂರ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು. ಅಸಂಖ್ಯಾತ ತಲೆಗಳು ಸರದಿಯಂತೆ ಎಳೆಯುವುದರಿಂದ ಕೊಡ ಜಾರಿ ಬೀಳುವುದಿಲ್ಲ. ಬಿಡುವಿನ ವೇಳೆ ಟ್ರೋಪೋಮಯೋಸಿನ್ ಹಿಡಿಯುವ ಜಾಗಗಳನ್ನು ಮುಚ್ಚಿರುತ್ತದೆ. ನರದ ಸಂದೇಶ ತಲುಪಿದೊಡನೆ ಹೊರಬರುವ ಕ್ಯಾಲ್ಸಿಯಂ ಟ್ರೋಪೋನಿನ್ನಿಗೆ ಅಂಟಿಕೊಂಡು ಆ ಮುಚ್ಚಳಿಕೆಯನ್ನು ಸರಿಸುತ್ತದೆ. ಈ ಕೊನೆಯ ಕೊಂಡಿಯನ್ನು 1960ರ ದಶಕದಲ್ಲಿ ಜಪಾನಿನ ಎಬಾಶಿ ತೋರಿಸಿದರು.

ವಿಶೇಷವೆಂದರೆ, ಹಿಡಿದುದನ್ನು ಬಿಡುವುದಕ್ಕೆ ಎಟಿಪಿ ಎಂಬ ಇಂಧನದ ಅಣು ಬಂದು ಸೇರಲೇಬೇಕು. ಸತ್ತ ಮೇಲೆ ಅದು ಮುಗಿದುಹೋಗುವುದರಿಂದ ತಲೆಗಳು ಎಳೆಗೆ ಕಚ್ಚಿಕೊಂಡೇ ಉಳಿಯುತ್ತವೆ. ಹೆಣ ಸೆಟೆಯುವುದು ಇದರಿಂದಲೇ. ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ, ಹೊಸದುರ್ಗದ ತೆಂಗಿನ ತೋಟಗಳಲ್ಲಿ ಮರವೇರಿದವನು ತುದಿಯಲ್ಲಿ ಅಲುಗಾಡದೆ ನಿಂತಿದ್ದರೂ ತೊಡೆ ನಡುಗುವುದನ್ನು ಗಮನಿಸಬಹುದು. ನೋಡುವವರಿಗೆ ಅವನು ಸುಮ್ಮನೆ ನಿಂತಿದ್ದಾನೆ. ಒಳಗೆ ತಲೆಗಳು ಹಿಡಿಯುತ್ತ ಬಿಡುತ್ತ ಇಂಧನ ಉರಿಸುತ್ತಲೇ ಇರುತ್ತವೆ. ಹಿರಿಯೂರಿನ ತೇರುಮಲ್ಲೇಶ್ವರನ ರಥ ಕದಲುವ ಮೊದಲಿನ ಗಳಿಗೆಯಲ್ಲಿ, ಹಗ್ಗ ಬಿಗಿದು ಗಾಲಿ ಇನ್ನೂ ಉರುಳದಿರುವಾಗ, ಎಳೆಯುವವರ ಕೈಗಳಲ್ಲಿ ನಡೆಯುವುದೂ ಇದೇ.

ಒನಕೆಗೆ ಬರುವುದಾದರೆ, ಅಲ್ಲಿ ಬಿಗಿತದಷ್ಟೇ ಸಡಿಲವೂ ಮುಖ್ಯ. ಏಟು ಬಿದ್ದ ಮೇಲೆ ಕ್ಯಾಲ್ಸಿಯಂ ತನ್ನ ಚೀಲಕ್ಕೆ ಹಿಂದಿರುಗಬೇಕು, ರಟ್ಟೆ ಮೆತ್ತಗಾಗಬೇಕು. ಇಲ್ಲವಾದರೆ ಮುಂದಿನ ಏಟು ಏಳದು. ಇಬ್ಬರು ಹೆಂಗಸರು ಒಂದೇ ಒರಳಿಗೆ ಸರದಿಯಲ್ಲಿ ಕುಟ್ಟುವಾಗ ಈ ಬಿಡುವನ್ನು ಅಳೆದುಕೊಡುತ್ತಿದ್ದುದು ಕುಟ್ಟುವ ಪದ. ಹಾಡನ್ನು ಕೇವಲ ಆಯಾಸ ಮರೆಸುವ ಸಾಧನವೆಂದು ವಿವರಿಸುವ ವಾಡಿಕೆ ಜಾನಪದ ಅಧ್ಯಯನದಲ್ಲಿದೆ. ಅದು ಅರ್ಧ ಸತ್ಯ. ಆಯಾಸ ಬರುವ ವೇಗವನ್ನೇ ಲಯ ನಿಯಂತ್ರಿಸುತ್ತಿತ್ತೆಂದು ತಿಳಿಯುವುದು ಹೆಚ್ಚು ಸೂಕ್ತ.

2021ರಿಂದ ರಾಜ್ಯ ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿಯಾಗಿ ಆಚರಿಸುತ್ತಿದೆ. ಹಿಟ್ಟಿನ ಗಿರಣಿ ಬಂದು ಒನಕೆ ಮೂಲೆ ಸೇರಿ ದಶಕಗಳು ಕಳೆದಿವೆ. ಕುಟ್ಟುವ ಪದಗಳ ಸಂಕಲನಗಳು ಸಾಕಷ್ಟಿವೆ. ಆದರೆ ಬಹುಪಾಲು ಸಂಕಲನಗಳು ಸಾಹಿತ್ಯವನ್ನಷ್ಟೇ ಅಚ್ಚಿಸಿವೆ. ಯಾವ ಅಕ್ಷರದ ಮೇಲೆ ಒನಕೆ ಬೀಳುತ್ತಿತ್ತು, ಯಾವ ಅಕ್ಷರದಲ್ಲಿ ಕೈ ಸಡಿಲವಾಗುತ್ತಿತ್ತು ಎಂಬುದನ್ನು ಗುರುತಿಸಬಲ್ಲ ಕುಟ್ಟಿ ಬಲ್ಲ ಮುದುಕಿಯರು ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಈಗ ವಿರಳ.