ಶಿವಪ್ಪ ನಾಯಕನ ಅರಮನೆ ವಸ್ತುಸಂಗ್ರಹಾಲಯ, ಶಿವಮೊಗ್ಗ

ಶಿವಪ್ಪ ನಾಯಕನ ಅರಮನೆಯು ಕರ್ನಾಟಕದ ಶಿವಮೊಗ್ಗ ನಗರದಲ್ಲಿ, ತುಂಗಾ ನದಿಯ ಸಮೀಪದ ಕೋಟೆ ಪ್ರದೇಶದಲ್ಲಿರುವ ಐತಿಹಾಸಿಕ ಕಟ್ಟಡ. ಇದು ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದ್ದು, ಸುತ್ತಲಿನ ಪ್ರದೇಶದಲ್ಲಿ ದೊರೆತ ಶಿಲ್ಪಗಳು, ಶಾಸನಗಳು ಹಾಗೂ ಸ್ಮಾರಕ ಶಿಲೆಗಳನ್ನು ಇಲ್ಲಿ ಪ್ರದರ್ಶಿಸಲಾಗಿದೆ.

ಹೆಸರು ಮತ್ತು ಕಾಲ

ಅರಮನೆಗೆ ಕೆಳದಿ ಸಂಸ್ಥಾನದ ಅರಸ ಶಿವಪ್ಪ ನಾಯಕನ (ಆಳ್ವಿಕೆ 1645–1660) ಹೆಸರಿದೆ. 'ಶಿಸ್ತು' ಎಂಬ ಭೂಕಂದಾಯ ವ್ಯವಸ್ಥೆಯಿಂದ ಈತ ಪ್ರಸಿದ್ಧನಾಗಿದ್ದಾನೆ. ಆದರೆ ಈಗಿರುವ ಕಟ್ಟಡವು 18ನೇ ಶತಮಾನದಲ್ಲಿ ಹೈದರಾಲಿಯ ಕಾಲದಲ್ಲಿ ನಿರ್ಮಾಣವಾಯಿತೆಂಬ ಅಭಿಪ್ರಾಯವೂ ಇದೆ. ಹೈದರಾಲಿ 1763ರಲ್ಲಿ ಕೆಳದಿಯ ರಾಜಧಾನಿ ಬಿದನೂರನ್ನು ವಶಪಡಿಸಿಕೊಂಡನು. ಮರದ ಕಂಬಗಳು ಮತ್ತು ಬಹುದಳ ಕಮಾನುಗಳ ಶೈಲಿಯು 1791ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆಯನ್ನು ಹೋಲುತ್ತದೆ.

ಕಟ್ಟಡ

ಅರಮನೆಯ ಮುಖ್ಯ ಭಾಗವು ಎರಡು ಅಂತಸ್ತಿನ ಎತ್ತರದ ದರ್ಬಾರ್ ಸಭಾಂಗಣ. ಇದರ ಬೃಹತ್ ಕಂಬಗಳು ಮರದವು. ಇಕ್ಕೆಲಗಳ ಮೇಲಂತಸ್ತಿನಲ್ಲಿ ವಾಸದ ಕೊಠಡಿಗಳಿದ್ದು, ಅವುಗಳ ಮೊಗಸಾಲೆಗಳಿಂದ ಸಭಾಂಗಣವನ್ನು ನೋಡಬಹುದು.

ಸಂಗ್ರಹ

ಹೊಯ್ಸಳರ ಮತ್ತು ನಂತರದ ಕಾಲದ ಶಿಲ್ಪಗಳು ಇಲ್ಲಿವೆ. ವೀರಗಲ್ಲು, ಮಹಾಸತಿಗಲ್ಲು ಮತ್ತು ಶಾಸನಗಳು ಅರಸರಷ್ಟೇ ಅಲ್ಲದೆ ಸಾಮಾನ್ಯ ಜನರ ಚರಿತ್ರೆಗೂ ಆಧಾರಗಳಾಗಿವೆ. ವೀರಗಲ್ಲುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ವೀರ. ಮಹಾಸತಿಗಲ್ಲುಗಳಲ್ಲಿ ಬಳೆ ತೊಟ್ಟು ಮೇಲೆತ್ತಿದ ಕೈ ಮುಖ್ಯ ಗುರುತು. ದಾನಶಾಸನಗಳ ಮೇಲ್ಭಾಗದ ಸೂರ್ಯ ಚಂದ್ರರು, ಅವರಿರುವವರೆಗೂ ದಾನ ಉಳಿಯಲಿ ಎಂಬುದನ್ನು ಸೂಚಿಸುತ್ತಾರೆ.

ಮೂಲಸ್ಥಳದ ಮಹತ್ವ

ದೇವಾಲಯ, ಕೆರೆ ಏರಿ ಅಥವಾ ಊರ ಬಾಗಿಲಿನಿಂದ ಬೇರ್ಪಟ್ಟ ಶಿಲೆಯು ಮಳೆ, ಬಿಸಿಲು ಮತ್ತು ನಿಧಿಗಳ್ಳರಿಂದ ರಕ್ಷಣೆ ಪಡೆದರೂ ತನ್ನ ಊರಿನ ಸಂಬಂಧವನ್ನು ಕಳೆದುಕೊಳ್ಳುವ ಸಾಧ್ಯತೆಯಿದೆ. ಅದು ದೊರೆತ ಸ್ಥಳದ ದಾಖಲೆ ಇಲ್ಲದಿದ್ದರೆ ಚರಿತ್ರೆಯ ಆಧಾರವಾಗಿ ಅದರ ಮೌಲ್ಯ ಕುಗ್ಗುತ್ತದೆ. ಈ ದೃಷ್ಟಿಯಿಂದ ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಮುಖ್ಯವಾದುದು. 1902ರಲ್ಲಿ ಪ್ರಕಟವಾದ ಅದರ 7ನೇ ಸಂಪುಟವು ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ತಾಲ್ಲೂಕು ಹಾಗೂ ಕ್ರಮಸಂಖ್ಯೆಯೊಂದಿಗೆ ನೀಡುತ್ತದೆ. ಇಂದಿನ ನ್ಯಾಮತಿ ತಾಲ್ಲೂಕಿನ ಪ್ರದೇಶವು ಆಗ ಹೊನ್ನಾಳಿಗೆ ಸೇರಿತ್ತು. ಜಗಳೂರು ಭಾಗದ ಶಾಸನಗಳು ಚಿತ್ರದುರ್ಗ ಜಿಲ್ಲೆಯ 11ನೇ ಸಂಪುಟದಲ್ಲಿವೆ. ಈ ತಾಲ್ಲೂಕುಗಳು 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ, ಅಲ್ಲಿನ ಸ್ಥಳೀಯ ಚರಿತ್ರೆಯನ್ನು ಅಭ್ಯಸಿಸುವವರು ಹಳೆಯ ಜಿಲ್ಲೆಗಳ ಹೆಸರಿನಲ್ಲಿ ದಾಖಲೆಗಳನ್ನು ಹುಡುಕಬೇಕಾಗುತ್ತದೆ.